ಹನ್ನೆರಡನೆಯ ಡೆಸ್ಕಿನ ದನಿ

ಒಂಟಿ ಮಗು ಕಲಿಯುವುದಿಲ್ಲ. ಪಾಠ ಹೇಳುವವರಿಗೆಲ್ಲ ಇದು ಮೊದಲಿನಿಂದ ಗೊತ್ತಿದ್ದದ್ದೇ. ಅಳೆದು ತೋರಿಸಿದ್ದು ಮಾತ್ರ ತೀರ ಈಚೆಗೆ. ಶಿಕ್ಷಕಿ ಸರಿಯಾದ ಉತ್ತರ ಹೇಳಿದರೆ ಮಗುವಿನ ಮಿದುಳು ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಪಕ್ಕದವಳು ತಪ್ಪು ಉತ್ತರ ಹೇಳಿದರೆ ತಟ್ಟನೆ ಎದ್ದು ಕೂರುತ್ತದೆ. ಸುತ್ತ ಹತ್ತು ಹನ್ನೊಂದು ಮಂದಿ ಇದ್ದರೆ ಆ ಚುರುಕು ಇಡೀ ದಿನ ಉಳಿಯುತ್ತದೆ. ಇಬ್ಬರು ಮೂವರಿದ್ದರೆ ಮಧ್ಯಾಹ್ನದೊಳಗೆ ಆರಿಹೋಗುತ್ತದೆ.

ಸರ್ಕಾರಿ ಶಾಲೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ಆ ವರ್ಷಗಳಲ್ಲಿ ಇಲಾಖೆ ಕಂಡುಕೊಂಡ ಉಪಾಯದ ಹೆಸರು ಜೊತೆದನಿ. ಕೋಣೆಗೆ ಹನ್ನೆರಡು ಡೆಸ್ಕು. ಪ್ರತಿ ಡೆಸ್ಕಿನೊಳಗೆ ಒಂದು ಸ್ಪೀಕರು, ಆಸನದ ಕೆಳಗೆ ಭಾರ ತಿಳಿಯುವ ಒಂದು ತಟ್ಟೆ. ಯಾರೂ ಕೂರದ ಡೆಸ್ಕಿನಿಂದ ಒಂದು ಮಗುವಿನ ದನಿ ಬರುತ್ತದೆ. ಅದು ಹಾಜರಿ ಹೇಳುತ್ತದೆ, ಮಗ್ಗಿ ಒಪ್ಪಿಸುತ್ತದೆ, ತಪ್ಪುತ್ತದೆ, ಪಕ್ಕದವರ ತಪ್ಪಿಗೆ ನಗುತ್ತದೆ, ಮಕ್ಕಳ ಜೊತೆ ತಾನೂ ನಿಧಾನವಾಗಿ ಕಲಿಯುತ್ತದೆ. ದನಿಗಳು ಆಯಾ ಊರಿನವೇ ಆಗಿರಲೆಂದು ಇಲಾಖೆ ಶಾಲೆಗಳಲ್ಲಿದ್ದ ಹಳೆಯ ಧ್ವನಿಮುದ್ರಣಗಳನ್ನು ತರಿಸಿಕೊಂಡಿತ್ತು.

ಗೊಂಜಿಹಾಳದ ಶಾಲೆಯಿಂದ ಒಂದು ಕ್ಯಾಸೆಟ್ಟು ಹೋಗಿತ್ತು. ಹಿಂದೊಮ್ಮೆ ರೇಡಿಯೋದವರು ಬಂದು ಮಕ್ಕಳಿಂದ ಮಗ್ಗಿ ಹೇಳಿಸಿ, ಹಾಡಿಸಿ, ಪ್ರಶ್ನೆ ಕೇಳಿ ಮುದ್ರಿಸಿಕೊಂಡು, ಅದರದೊಂದು ಪ್ರತಿಯನ್ನು ಶಾಲೆಗೆ ಬಿಟ್ಟುಹೋಗಿದ್ದರು. ಕಪಾಟಿನ ಮೂಲೆಯಲ್ಲಿದ್ದ ಅದನ್ನು ಧೂಳೊರೆಸಿ ಕಳಿಸಿದವಳು ಅಲ್ಲಿನ ಶಿಕ್ಷಕಿ ಶಶಿಕಲಾ. ಅದರಲ್ಲಿ ಯಾರ ಯಾರ ದನಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ.

ಗೊಂಜಿಹಾಳ ಮೆಣಸಿನಕಾಯಿ ಪೇಟೆಯ ಊರು. ಗಾಳಿ ಪೇಟೆ ಕಡೆಯಿಂದ ಬೀಸಿದರೆ ಇಡೀ ಊರು ಸೀನುತ್ತದೆ. ಜೊತೆದನಿಗಳು ಬಂದ ಮೊದಲ ಹಂಗಾಮಿನಲ್ಲೇ ಅವೂ ಸೀನುವುದನ್ನು ಕಲಿತವು. ಶಾಲೆಯಲ್ಲಿ ಆಗ ಉಳಿದಿದ್ದವರು ನಾಲ್ಕೇ ಮಕ್ಕಳು. ಉಳಿದವರನ್ನು ಖಾಸಗಿ ಶಾಲೆಗಳ ಹಳದಿ ವ್ಯಾನುಗಳು ಬೆಳಿಗ್ಗೆಯೇ ತುಂಬಿಕೊಂಡು ಹೋಗುತ್ತಿದ್ದವು. ಆ ನಾಲ್ವರೂ ಎಂಟು ದನಿಗಳೂ ಒಟ್ಟಿಗೆ ಸೀನಿದಾಗ ಶಶಿಕಲಾ ಬಹಳ ದಿನಗಳ ಮೇಲೆ ನಕ್ಕಿದ್ದಳು. ಆ ನಗು ತನ್ನದೇ ಎಂದು ಒಪ್ಪಿಕೊಳ್ಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಶಾಲೆಯ ಬಿಸಿಯೂಟ ಮಾಡುತ್ತಿದ್ದವಳು ಅವಳ ಅತ್ತೆ ಈರವ್ವ. ಅಡುಗೆಕೋಣೆ ತರಗತಿಗೆ ಅಂಟಿಕೊಂಡೇ ಇತ್ತು. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಸಣ್ಣ ಕಿಂಡಿ. ಈರವ್ವ ಮೊದಲಿನಿಂದಲೂ ಅಕ್ಕಿ ಹಾಕುತ್ತಿದ್ದದ್ದು ಹಾಜರಿ ಕೇಳಿಕೊಂಡೇ. ಒಳಗೆ ಒಬ್ಬರು ಶಿಕ್ಷಕಿಗೆ “ಬಂದೇನ್ರಿ ಅಕ್ಕಾರ” ಎಂದರೆ ಇಲ್ಲಿ ಒಂದು ಬೊಗಸೆ ಅಕ್ಕಿ ಪಾತ್ರೆಗೆ ಬೀಳುತ್ತಿತ್ತು. ಜೊತೆದನಿಗಳು ಬಂದ ದಿನವೂ ಹಾಗೆಯೇ ಬಿತ್ತು. ಉಂಡವರು ನಾಲ್ವರು, ಬೆಂದದ್ದು ಹನ್ನೆರಡು ಮಂದಿಗೆ.

“ಅತ್ತಿ, ಅವು ಉಣ್ಣೂದಿಲ್ರಿ” ಎಂದಳು ಶಶಿಕಲಾ.

“ಕರದಾಗ ಬಂದೇನಿ ಅಂದೋರಿಗೆ ಹಾಕದ ಹೆಂಗ ಇರ್ಲವ್ವ? ನನ್ನ ಕೈ ತಡಿಯೂದಿಲ್ಲ.”

ಮಾರನೆಯ ದಿನವೂ ಅಷ್ಟೇ ಬೆಂದಿತು. ಮಿಕ್ಕ ಅನ್ನವನ್ನು ಈರವ್ವ ಗೇಟಿನ ಹತ್ತಿರ ಇಟ್ಟುಕೊಂಡು ಕೂರತೊಡಗಿದಳು. ಶಾಲೆಯ ಹಿಂದೆ ಶೀತಗೃಹಗಳಿದ್ದವು. ಅವು ಬಂದ ಮೇಲೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ವರ್ಷವಿಡೀ ನಡೆಯುತ್ತಿತ್ತು. ಎಲ್ಲೆಲ್ಲಿಂದಲೋ ಬಂದ ಹೆಂಗಸರು, ಅವರ ಮಕ್ಕಳು. ಈರವ್ವನ ಕೂಗು ಆ ಮಕ್ಕಳಿಗೆ ಕೇಳಿಸುವಷ್ಟು ಗೇಟು ಹತ್ತಿರವಿತ್ತು.

*

ಕಿಟಕಿ ಬದಿಯ ಹನ್ನೆರಡನೆಯ ಡೆಸ್ಕಿಗೆ ಶಶಿಕಲಾ ಮೊದಲ ಪ್ರಶ್ನೆ ಕೇಳಿದ್ದು ಮೂರನೆಯ ದಿನ. ಏಳೆಂಟ್ಲೆ ಎಷ್ಟು ಎಂದಳು.

“ಐವತ್ತಾರರ ಇರ್ಬೇಕು, ಐವತ್ನಾಕರ ಇರ್ಬೇಕು ರೀ ಅಕ್ಕಾರ” ಎಂದಿತು ಒಂದು ಹುಡುಗನ ದನಿ. “ಎರಡ್ರಾಗ ಒಂದು ಖರೇ.”

ಮಕ್ಕಳು ನಕ್ಕರು. ಅವಳ ಕೈಯಲ್ಲಿದ್ದ ಸೀಮೆಸುಣ್ಣ ಹಲಗೆಯ ಮೇಲೆ ಇದ್ದಲ್ಲೇ ನಿಂತಿತು.

ಅವಳ ಗಂಡ ಗುರುಸಿದ್ದ ಹಾಗೇ ಮಾತಾಡುತ್ತಿದ್ದ. ಸಂಜೆ ಎಷ್ಟೊತ್ತಿಗೆ ಬರ್ತಿ ಎಂದರೆ, “ಆರಕ್ಕರ ಬರ್ತೀನಿ, ಏಳಕ್ಕರ ಬರ್ತೀನಿ. ಎರಡ್ರಾಗ ಒಂದು ಖರೇ.” ಮದುವೆಯಾಗಿ ಮೂರು ವರ್ಷ ಅದನ್ನೇ ಹೇಳಿದ. ಬೈಪಾಸ್ ದಾಟುವಾಗ ಲಾರಿ ಬಂದ ದಿನವೂ ಬೈಕು ಹತ್ತುವ ಮುಂಚೆ ಹೇಳಿ ಹೋಗಿದ್ದ. ಆವತ್ತು ಎರಡೂ ಖರೇ ಆಗಲಿಲ್ಲ.

ಅವನು ಓದಿದ್ದು ಇದೇ ಶಾಲೆಯಲ್ಲಿ. ಅಷ್ಟು ಅವಳಿಗೆ ಗೊತ್ತಿತ್ತು. ರೇಡಿಯೋದವರ ಮುಂದೆ ಅವನೂ ನಿಂತಿದ್ದನೆಂದು ಅವನು ಎಂದೂ ಹೇಳಿರಲಿಲ್ಲ.

ಅವನ ದನಿ ಅವಳ ಫೋನಿನಲ್ಲೂ ಇತ್ತು. ಗ್ಯಾಸ್ ಹೇಳಿದೆಯಾ, ಬೀಗ ಹಾಕಿದೆಯಾ ಎಂಬಂಥ ಸಣ್ಣ ಸಣ್ಣ ಸಂದೇಶಗಳು. ಅವನ್ನು ಕೇಳುವುದನ್ನು ಅವಳು ಬಿಟ್ಟಿದ್ದಳು. ಅವು ಹೇಳಿದ್ದನ್ನೇ ಹೇಳುತ್ತಿದ್ದವು. ಈ ದನಿ ಹಾಗಲ್ಲ. ಇವತ್ತು ಕೇಳಿದ್ದಕ್ಕೆ ಇವತ್ತು ಉತ್ತರ ಕೊಡುತ್ತಿತ್ತು. ತಾನು ಎಂದೂ ನೋಡಿರದ ಹತ್ತು ವರ್ಷದ ಗುರುಸಿದ್ದ. ಮೀಸೆಯಿಲ್ಲದವನು. ಬೈಕು ಗೊತ್ತಿಲ್ಲದವನು. ತನ್ನನ್ನು ಅಕ್ಕಾರ ಎಂದು ಕರೆಯುವವನು.

ಆ ಸಂಜೆ ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಶಶಿಕಲಾ ಎದುರಿಗೆ ಕೂತು ಸೊಪ್ಪು ಸೋಸುತ್ತಿದ್ದಳು. ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಮಗ ಹೋದ ಈ ಎರಡು ವರ್ಷದಲ್ಲಿ ಅತ್ತೆ ಹೇಗೋ ಎದ್ದು ನಿಂತಿದ್ದಾಳೆ. ಈಗ ಇದನ್ನು ಹೇಳಿದರೆ ಮತ್ತೆ ಕುಸಿಯುತ್ತಾಳೆ ಎನಿಸಿತು.

“ಏನರ ಹೇಳೂದೈತೇನು?” ಎಂದಳು ಈರವ್ವ, ಬಡಿಯುವುದನ್ನು ನಿಲ್ಲಿಸದೆ.

“ಏನಿಲ್ರಿ. ಸೊಪ್ಪು ಎಳೇದೈತಿ.”

“ಹ್ಞೂಂ. ಎಳೇದೈತಿ.”

ಈರವ್ವ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು.

*

ಜೊತೆದನಿಗಳ ನಿಯಂತ್ರಣ ಕೋಣೆ ಜಿಲ್ಲಾ ಕೇಂದ್ರದಲ್ಲಿತ್ತು. ಶಾಲೆಯ ವರ್ಷ ಮುಗಿಯುತ್ತ ಬಂದಾಗ ತರಬೇತಿಗೆಂದು ಶಶಿಕಲಾಳನ್ನು ಕರೆಸಿದ್ದರು. ಗೋಡೆಯ ತುಂಬ ಒಂದು ನಕ್ಷೆ. ಅದರ ಮೇಲೆ ಪ್ರತಿ ಶಾಲೆಗೂ ಹನ್ನೆರಡು ಚುಕ್ಕಿ. ಮಗು ಕೂತ ಡೆಸ್ಕು ಹಸಿರು, ದನಿ ಕೂತ ಡೆಸ್ಕು ಬಿಳಿ. ಗೊಂಜಿಹಾಳದ ಚುಕ್ಕಿಗಳಲ್ಲಿ ಹಸಿರು ಹೆಚ್ಚಾಗಿತ್ತು.

“ನಿಮ್ಮ ಸಾಲಿನ್ನ ನಾನು ಎಲ್ಲಾರಿಗೂ ತೋರಸ್ತೀನ್ರಿ ಮೇಡಂ” ಎಂದಳು ನಾಝಿಯಾ. ಅಲ್ಲಿನ ಎಂಜಿನಿಯರು, ಶಶಿಕಲಾಗಿಂತ ಚಿಕ್ಕವಳು. “ಮಕ್ಕಳ ಕಲಿಕಿ ಮಟ್ಟ ನೋಡ್ರಿ, ಹೆಂಗ ಏರೇತಿ. ದಾಖಲಾತಿನೂ ಏರೇತಿ. ಏನ್ ಮಾಡಿದ್ರಿ?”

“ನಾನೇನೂ ಮಾಡ್ಲಿಲ್ಲ. ನಮ್ಮತ್ತಿ ಅನ್ನ ಜಾಸ್ತಿ ಮಾಡಿದ್ರು.”

ನಾಝಿಯಾ ಅದನ್ನು ತಮಾಷೆಯೆಂದು ತಿಳಿದು ನಕ್ಕಳು. ಆದರೆ ಆದದ್ದು ಅದೇ. ಅನ್ನಕ್ಕೆ ಬಂದ ಶೀತಗೃಹದ ಮಕ್ಕಳು ಜಗಲಿಯ ಮೇಲೆ ಕೂತರು. ಒಳಗಿನ ಗದ್ದಲ ಕೇಳಿ ಬಾಗಿಲಿಗೆ ಬಂದರು. ಖಾಲಿ ಡೆಸ್ಕುಗಳು ತಪ್ಪು ಹೇಳುವುದನ್ನು ಕೇಳಲಾರದೆ ಹೊಸಿಲಿನಿಂದಲೇ ಉತ್ತರ ಕೂಗಿದರು. ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು. ಅವರು ಕೂತಂತೆ ದನಿಗಳು ಆರಿದವು.

“ಒಂದು ದನಿನ ಬ್ಯಾರೆ ಕಡೆ ತಗದಿಡಾಕ ಬರ್ತೈತೇನ್ರಿ?” ಎಂದು ಕೇಳಿದಳು ಶಶಿಕಲಾ. ಸುಮ್ಮನೆ ಕೇಳಿದಂತೆ ಕೇಳಿದಳು.

“ಬರೂದಿಲ್ರಿ. ಅದು ರೆಕಾರ್ಡು ಅಲ್ಲ. ಆ ಕೋಣಿಯಾಗ ಯಾರು ಏನ್ ಕೇಳಿದ್ರು, ಯಾರು ನಕ್ರು, ಯಾರು ಬೈದ್ರು, ಅದೆಲ್ಲಾ ಕೂಡಿ ಆಗೇದ. ಹೊರಗ ತಗದ್ರ ಏನೂ ಉಳಿಯೂದಿಲ್ಲ.” ನಾಝಿಯಾ ಅವಳ ಮುಖ ನೋಡಿದಳು. “ಯಾಕ್ರಿ? ಯಾವ್ದರ ಹಚ್ಕೊಂಡೀರೇನು?”

“ಇಲ್ಲ. ಹಂಗ ಕೇಳಿದೆ.”

ನಿಯಮ ಅವಳಿಗೆ ಗೊತ್ತಿತ್ತು. ಒಂದು ಡೆಸ್ಕಿನ ಮೇಲೆ ಒಂದು ಮಗು ಸೋಮವಾರದಿಂದ ಶನಿವಾರದವರೆಗೆ ತಪ್ಪದೆ ಕೂತರೆ ಆ ಡೆಸ್ಕಿನ ದನಿಯನ್ನು ಯಂತ್ರ ತಾನಾಗಿ ಅಳಿಸಿಬಿಡುತ್ತದೆ. ಇದಕ್ಕೊಂದು ಕಾರಣವಿತ್ತು. ಮೊದಮೊದಲು ಕೆಲವು ಊರುಗಳಲ್ಲಿ ಶಿಕ್ಷಕರು ದನಿಗಳನ್ನೇ ಇಟ್ಟುಕೊಂಡು ಮಕ್ಕಳನ್ನು ಬಾಗಿಲಿಂದ ಹಿಂದೆ ಕಳಿಸತೊಡಗಿದ್ದರು. ದನಿಗಳು ಮೂಗು ಸುರಿಸುವುದಿಲ್ಲ, ಅವಕ್ಕೆ ಹೇನಾಗುವುದಿಲ್ಲ, ಅವುಗಳ ಅಪ್ಪಂದಿರು ಕುಡಿದು ಬಂದು ಗೇಟು ಒದೆಯುವುದಿಲ್ಲ.

ಈ ಮಾತು ತರಬೇತಿಯಲ್ಲಿ ಬಂದಾಗ ಎಲ್ಲರೂ ಛೆ ಎಂದರು. ಶಶಿಕಲಾ ತನ್ನ ಅಂಗೈ ನೋಡುತ್ತ ಕೂತಿದ್ದಳು.

ಹೊರಡುವಾಗ ನಾಝಿಯಾ ಹೇಳಿದಳು: “ಬರೋ ವಾರ ಗಣತಿ ಐತಿ, ಮರೀಬ್ಯಾಡ್ರಿ. ಆರೂ ದಿನ ಹನ್ನೆರಡೂ ಡೆಸ್ಕು ಹಸಿರು ಇರ್ಬೇಕು. ಒಂದು ಕಡಿಮಿ ಆದ್ರೂ ನಿಮ್ಮ ಸಾಲಿನ್ನ ಬೈಪಾಸ್ ಆಚಿ ಸಾಲಿಗೆ ಕೂಡಸ್ತಾರ. ಈಗ ಹನ್ನೊಂದು ಐತಿ. ಒಂದು ಮಗು ಸಿಗೂದಿಲ್ಲೇನ್ರಿ?”

*

ಒಂದು ಮಗು ಆಗಲೇ ಸಿಕ್ಕಿತ್ತು. ದುರ್ಗಿ ಎಂದು ಹೆಸರು. ಕೆಂಪು ರಿಬ್ಬನ್ನಿನ ಒಂದೇ ಜಡೆ. ಅವಳ ತಾಯಿ ಶೀತಗೃಹದಲ್ಲಿ ತೊಟ್ಟು ಬಿಡಿಸುತ್ತಿದ್ದಳು. ದುರ್ಗಿ ದಿನವೂ ಬಂದು ಜಗಲಿಯ ಕಂಬಕ್ಕೆ ಆತುಕೊಂಡು ಒಳಗೆ ನೋಡುತ್ತಿದ್ದಳು.

“ಅಕ್ಕಾರ, ನಾನೂ ಒಳಗ ಬರ್ಲೇನ್ರಿ?”

“ಬರೋ ವಾರ ಹೆಸರು ಹಚ್ಚೋಣವ್ವ” ಎಂದಿದ್ದಳು ಶಶಿಕಲಾ. ಅದಾಗಿ ಎರಡು ವಾರ ಕಳೆದಿತ್ತು.

ಖಾಲಿ ಉಳಿದಿದ್ದದ್ದು ಕಿಟಕಿ ಬದಿಯ ಡೆಸ್ಕು ಒಂದೇ. ಅದು ಹಾಗೆ ಉಳಿಯುವಂತೆ ಅವಳೇ ನೋಡಿಕೊಂಡಿದ್ದಳು. ಗಾಳಿ ಬರುತ್ತದೆಂದು ಯಾರಾದರೂ ಅಲ್ಲಿ ಕೂರಲು ಹೋದರೆ, ಮೆಣಸಿನಕಾಯಿ ಘಾಟು ಬಡಿಯುತ್ತದೆ ಎಂದು ಎಬ್ಬಿಸುತ್ತಿದ್ದಳು. ಒಮ್ಮೆ ಬಸು ಎಂಬ ಹುಡುಗ ಹಟ ಮಾಡಿದಾಗ ಗದರಿಯೇಬಿಟ್ಟಿದ್ದಳು. ಮಕ್ಕಳ ಮೇಲೆ ಅವಳು ದನಿ ಎತ್ತಿದ್ದು ಅದೊಂದೇ ಸಲ.

ಗಣತಿಯ ಸೋಮವಾರ ಹಾಜರಿಗೆ ಮುಂಚೆ ಈರವ್ವ ತರಗತಿಯ ಬಾಗಿಲಲ್ಲಿ ಕಾಣಿಸಿಕೊಂಡಳು. ಅವಳ ಕೈಯಲ್ಲಿ ದುರ್ಗಿಯ ಕೈ ಇತ್ತು. ಮುಖ ತೊಳೆಸಿ, ಎಣ್ಣೆ ಹಚ್ಚಿ, ಜಡೆ ಬಿಗಿದಿದ್ದಳು.

“ಈಕಿನ್ನ ಎಲ್ಲಿ ಕುಂದರಸ್ತಿ?”

ಶಶಿಕಲಾ ಹಾಜರಿ ಪುಸ್ತಕದ ಪುಟ ತಿರುವಿದಳು.

“ಇಲ್ಲಾಂದ್ರ ಒಂದು ಮೆಣಸಿನಕಾಯಿ ಚೀಲ ತಂದು ಇಡ್ಲೇನು? ಭಾರ ಬಿದ್ರ ಸಾಕಲ್ಲ ನಿಮ್ಮ ಮಿಷನ್‌ಗೆ?”

“ಚೀಲ ಮಿಸಕಾಡೂದಿಲ್ರಿ ಅತ್ತಿ. ಅದಕ ಗೊತ್ತಾಗ್ತೈತಿ.”

“ಹಂಗಾದ್ರ ಮಿಸಕಾಡೋದನ್ನ ಕುಂದರಸು.”

ದುರ್ಗಿ ಕಿಟಕಿ ಬದಿ ಕೂತಳು. ಹಾಜರಿಯಲ್ಲಿ ಆ ಡೆಸ್ಕಿನ ಸರದಿ ಬಂದಾಗ ಗುರುಸಿದ್ದನ ದನಿ ಬರಲಿಲ್ಲ. ದುರ್ಗಿ ಏನು ಹೇಳಬೇಕೆಂದು ತಿಳಿಯದೆ ಕೈ ಎತ್ತಿದಳು.

ಮಂಗಳವಾರ ಅವಳು ಕಿಟಕಿಯಿಂದ ಹೊರಗೆ ನೋಡುತ್ತ ಕೂತಳು. ಬುಧವಾರ ಒಂದು ಲೆಕ್ಕ ಬಿಡಿಸಿದಳು. ಸಂಜೆ ಎಲ್ಲರೂ ಹೋದ ಮೇಲೆ ಶಶಿಕಲಾ ಆ ಡೆಸ್ಕಿನ ಹತ್ತಿರ ಹೋಗಿ ನಿಲ್ಲುತ್ತಿದ್ದಳು. ತರಗತಿ ಮುಗಿದ ಮೇಲೆ ಯಂತ್ರ ಮಾತಾಡುವುದಿಲ್ಲ. ಅದು ಗೊತ್ತಿದ್ದೂ ನಿಲ್ಲುತ್ತಿದ್ದಳು. ಗುರುವಾರ ದುರ್ಗಿ ಬಸುವಿನ ತಪ್ಪಿಗೆ ಹೊಟ್ಟೆ ಹಿಡಿದು ನಕ್ಕಳು.

*

ಶನಿವಾರ ದುರ್ಗಿ ಬರಲಿಲ್ಲ.

ಬೆಳಗಿನ ಶಾಲೆ. ಶಶಿಕಲಾ ಬಾಗಿಲ ಕಡೆ ನೋಡಿದಳು. ಗೇಟಿನ ಕಡೆ ನೋಡಿದಳು. ಹಾಜರಿ ಸುರುಮಾಡಿದಳು. ಹನ್ನೊಂದಾದ ಮೇಲೆ ತಡೆದಳು. ಆಮೇಲೆ ಹನ್ನೆರಡು ಎಂದಳು.

“ಬಂದೇನ್ರಿ ಅಕ್ಕಾರ.”

ವಾರದಿಂದ ಬಾಯಿ ಕಟ್ಟಿಸಿಕೊಂಡಿದ್ದ ಹುಡುಗನ ಉತ್ಸಾಹ ಆ ದನಿಯಲ್ಲಿತ್ತು. ಮಕ್ಕಳು ಹೋ ಎಂದು ಕೂಗಿದರು. ಗೋಡೆಯಾಚೆ ಒಂದು ಬೊಗಸೆ ಅಕ್ಕಿ ಬಿದ್ದ ಸದ್ದಾಯಿತು.

ಶಾಲೆ ಬಿಡುವುದರೊಳಗೆ ದುರ್ಗಿ ಬಂದು ಕೂರದಿದ್ದರೆ ದನಿ ಉಳಿಯುತ್ತದೆ. ಗಣತಿಯಲ್ಲಿ ಒಂದು ಚುಕ್ಕಿ ಬಿಳಿಯಾಗುತ್ತದೆ. ಜೂನಿನಿಂದ ಈ ಮಕ್ಕಳು ಬೈಪಾಸ್ ದಾಟಿ ಹೋಗಬೇಕು. ದನಿ ಉಳಿದರೂ ಜೂನಿನವರೆಗೆ ಮಾತ್ರ. ಆಮೇಲೆ ಈ ಕೋಣೆಗೇ ಬೀಗ. ಇದೆಲ್ಲ ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಜೂನು ಬಹಳ ದೂರವಿರುವಂತೆ ಕಂಡಿತು. ಅಲ್ಲಿಯವರೆಗೆ ದಿನವೂ ಒಂದು ಹಾಜರಿ, ದಿನವೂ ಒಂದು ಉತ್ತರ.

ಅವಳು ಕಿಟಕಿಯ ಹತ್ತಿರ ಹೋದಳು.

“ಏಳೆಂಟ್ಲೆ ಎಷ್ಟು?”

“ಐವತ್ತಾರು ರೀ ಅಕ್ಕಾರ.”

ಅವಳು ಎರಡನೆಯ ಉತ್ತರಕ್ಕೆ ಕಾದಳು. ಅದು ಬರಲಿಲ್ಲ.

“ಐವತ್ತಾರ ಏನು? ಬ್ಯಾರೆ ಏನೂ ಅಲ್ಲೇನು?”

“ಅಲ್ರಿ. ಐವತ್ತಾರ. ನೀವ ಕಲಿಸಿರಲ್ರಿ.”

ಮಕ್ಕಳ ಜೊತೆ ಜೊತೆದನಿಯೂ ಕಲಿಯುತ್ತದೆ. ಅದನ್ನು ಕಲಿಯಲೆಂದೇ ಮಾಡಿದ್ದು. ಅದಕ್ಕೆ ಬೇಕಾದದ್ದನ್ನು ಅವಳೇ ಇಡೀ ವರ್ಷ ದಿನವೂ ಹೇಳಿಕೊಟ್ಟಿದ್ದಳು. ಆ ಹುಡುಗನ ದನಿಯಲ್ಲಿ ಹೆಮ್ಮೆಯಿತ್ತು, ಶಭಾಶ್ ಎನ್ನಬೇಕಿತ್ತು.

“ಶಭಾಶ್” ಎಂದಳು.

ಅವಳು ಮಕ್ಕಳಿಗೆ ಲೆಕ್ಕ ಹಾಕಿಕೊಟ್ಟು ಹೊರಬಂದಳು. ಅಡುಗೆಕೋಣೆಯ ಬಾಗಿಲಲ್ಲಿ ಈರವ್ವ ನಿಂತಿದ್ದಳು.

“ದುರ್ಗಿನ್ನ ಕರ್ಕೊಂಡು ಬರ್ತೀನ್ರಿ ಅತ್ತಿ. ಸ್ವಲ್ಪ ಹುಡುಗ್ರನ್ನ ನೋಡ್ಕೋರಿ.”

ಈರವ್ವ ಅವಳನ್ನು ನೋಡಿದಳು. “ಹೋಗು. ನೀ ಬರೂತನಕ ನಾ ಅವನ ಹಂತ್ಯಾಕ ಕುಂದರ್ತೀನಿ.”

ಶಶಿಕಲಾ ಮೆಟ್ಟಿಲ ಮೇಲೆ ನಿಂತುಬಿಟ್ಟಳು.

“ನಿಮಗ ಗೊತ್ತಿತ್ತೇನ್ರಿ?”

“ಹಡದಾಕಿ ನಾನು. ಮೊದಲ್ನೇ ದಿನ ಆ ಕಿಂಡಿಯಾಗ ಕೇಳ್ತು. ಬಂದೇನಿ ಅಂದ. ಬರೇ ಅವನೊಬ್ಬಗ ಹಾಕಿದ್ರ ನೀ ಕೇಳ್ತಿದ್ದಿ. ಅದಕ ಎಲ್ಲಾರಿಗೂ ಹಾಕಿದೆ.”

“ನನಗ ಹೇಳ್ಲಿಲ್ಲ.”

“ನೀ ಹೇಳಿದೇನು?”

ಮತ್ತೆ ಈರವ್ವನೇ ಅಂದಳು: “ದುರ್ಗಿ ಇಷ್ಟು ದಿನ ಉಂಡದ್ದು ಅವನ ಪಾಲಿನ ಅನ್ನ. ಉಂಡಾಕಿಗೆ ಜಾಗಾನೂ ಕೊಡ್ಬೇಕಲ್ಲ ಯವ್ವಾ. ಹೋಗು, ಹೊತ್ತಾಗ್ತೈತಿ.”

ಶೀತಗೃಹದ ಹಿಂದಿನ ಶೆಡ್ಡಿನಲ್ಲಿ ಹೆಂಗಸರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಂಪು ರಾಶಿಗಳ ನಡುವೆ ಕೂತಿದ್ದರು. ದುರ್ಗಿ ಮೂಲೆಯಲ್ಲಿ ತಮ್ಮನನ್ನು ಮಡಿಲಲ್ಲಿ ಹಾಕಿಕೊಂಡಿದ್ದಳು. ಕೂಸಿಗೆ ಜ್ವರ, ಹಿಡಿದುಕೊಳ್ಳಲು ಬೇರೆ ಯಾರೂ ಇಲ್ಲ ಎಂದಳು ಅವಳ ತಾಯಿ. ಕೈ ಉರಿಯುತ್ತಿದ್ದರಿಂದ ಬೆರಳುಗಳನ್ನು ಅಗಲಿಸಿ ಹಿಡಿದುಕೊಂಡೇ ಮಾತಾಡಿದಳು.

“ಕೂಸನ್ನೂ ಕರ್ಕೊಂಡು ಬರ್ಲಿ” ಎಂದಳು ಶಶಿಕಲಾ. “ನಾ ಹಿಡ್ಕೋತೀನಿ.”

“ನೀವು? ಪಾಠಾ ಮಾಡೋದು ಬಿಟ್ಟು?”

“ಹಿಡ್ಕೊಂಡ ಮಾಡ್ತೀನಿ.”

ಕೂಸು ಬೆಚ್ಚಗಿತ್ತು. ಅಷ್ಟು ಬೆಚ್ಚಗಿನದನ್ನು ಅವಳು ಬಹಳ ದಿನದಿಂದ ಎತ್ತಿಕೊಂಡಿರಲಿಲ್ಲ. ದುರ್ಗಿ ಅವಳ ಸೀರೆಯ ಅಂಚು ಹಿಡಿದು ಓಡುತ್ತ ಬಂದಳು.

ಶಾಲೆಯ ಹೊರಗೋಡೆ ಬಳಸಿ ಬರುವಾಗ ಕಿಟಕಿಯಿಂದ ಮಾತು ಕೇಳಿಸಿತು. ಶಶಿಕಲಾ ನಿಂತಳು. ದುರ್ಗಿಯ ಬಾಯಿಗೆ ಬೆರಳು ಅಡ್ಡ ಇಟ್ಟಳು.

“ಉಂಡೇನಪಾ?” ಅದು ಈರವ್ವನ ದನಿ.

“ಉಂಡೇನ್ರಿ ಅಕ್ಕಾರ.”

“ನಾ ಅಕ್ಕಾರ ಅಲ್ಲೋ. ಇರ್ಲಿ ಬಿಡು. ಏನುಂಡಿ?”

“ಅನ್ನಾನರ ಉಂಡೇನಿ, ಉಪ್ಪಿಟ್ಟರ ಉಂಡೇನಿ ರೀ. ಎರಡ್ರಾಗ ಒಂದು ಖರೇ.”

ಈರವ್ವ ನಕ್ಕಳು. ದನಿ ತಾನಾಗಿಯೇ ಒಮ್ಮೆ ಸೀನಿತು.

“ಚಿರಂಜೀವಿ” ಎಂದಳು ಈರವ್ವ, ಎಲ್ಲ ತಾಯಂದಿರೂ ಅನ್ನುವಂತೆ.

ಶಶಿಕಲಾ ಒಳಗೆ ಬಂದಾಗ ಅತ್ತೆ ಆ ಡೆಸ್ಕಿನ ಪಕ್ಕ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಅವಳ ಒಂದು ಕೈ ಡೆಸ್ಕಿನ ಹಲಗೆಯ ಮೇಲಿತ್ತು. ಇವರನ್ನು ಕಂಡು ಕೈ ತೆಗೆದಳು.

“ಬಂದ್ರ್ಯಾ? ಅನ್ನ ತಳ ಹತ್ತೀತು” ಎಂದು ಎದ್ದು ಹೋದಳು.

ದುರ್ಗಿ ಕೂತಳು. ಡೆಸ್ಕಿನ ಅಂಚಿನ ಸಣ್ಣ ದೀಪ ಹಸಿರಾಯಿತು. ಶಶಿಕಲಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಹಲಗೆಯ ಕಡೆ ತಿರುಗಿ, ಬಿಟ್ಟಲ್ಲಿಂದ ಪಾಠ ಮುಂದುವರಿಸಿದಳು. ಶಾಲೆ ಬಿಡುವವರೆಗೂ ಅವಳು ಆ ಕಿಟಕಿಯ ಕಡೆ ನೋಡಲಿಲ್ಲ.

*

ಸೋಮವಾರ ನಾಝಿಯಾಳಿಂದ ಫೋನು ಬಂತು. ಹನ್ನೆರಡೂ ಹಸಿರು, ಶಾಲೆ ಉಳಿಯಿತು ಎಂದಳು. ಇನ್ನು ಡೆಸ್ಕುಗಳೊಳಗಿನ ಸ್ಪೀಕರುಗಳನ್ನು ಬಿಚ್ಚಿಕೊಂಡು ಹೋಗಲು ಮಂದಿ ಕಳಿಸುತ್ತೇನೆ, ಬೇರೆ ಊರಿಗೆ ಬೇಕಾಗಿವೆ ಎಂದಳು. ಶಶಿಕಲಾ ಆಗಲಿ ಎಂದಳು.

ಆಮೇಲೆ ಹಾಜರಿ ತೆಗೆದುಕೊಂಡಳು. ಒಂದೊಂದು ದನಿಗೆ ಗೋಡೆಯಾಚೆ ಒಂದೊಂದು ಬೊಗಸೆ ಅಕ್ಕಿ ಬಿತ್ತು. ಕೊನೆಗೆ ಕಿಟಕಿ ಬದಿಗೆ ತಿರುಗಿದಳು.

“ದುರ್ಗಿ.”

“ಬಂದೇನ್ರಿ ಅಕ್ಕಾರ” ಎಂದಳು ದುರ್ಗಿ, ತನ್ನಷ್ಟಕ್ಕೇ ಹೇಳಿಕೊಂಡಂತೆ.

ಗೋಡೆಯಾಚೆ ಸದ್ದಾಗಲಿಲ್ಲ. ಅಲ್ಲಿ ಎರಡು ಕೈಗಳು ಅಕ್ಕಿ ಹಿಡಿದುಕೊಂಡು ಕಾಯುತ್ತಿವೆಯೆಂದು ಶಶಿಕಲಾಗೆ ಗೊತ್ತಿತ್ತು. ಯಾವ ದನಿಗೆ ಕಾಯುತ್ತಿವೆ ಎಂಬುದೂ ಗೊತ್ತಿತ್ತು.

“ಇನ್ನೊಮ್ಮೆ ಜೋರಾಗಿ ಹೇಳವ್ವ” ಎಂದಳು. “ಅಡಗಿ ಮನಿಗೆ ಕೇಳಬೇಕು.”

ದುರ್ಗಿ ಎದ್ದು ನಿಂತು ಕೂಗಿದಳು. ಒಂದು ಗಳಿಗೆ ಕಳೆಯಿತು. ಆಮೇಲೆ ಅಕ್ಕಿ ಬಿತ್ತು.